ಎರಡು ನಂಬರ್ ದೊಡ್ಡ ಬೂಟು

ನಾನು ಸಣ್ಣವಳಿದ್ದಾಗ ಇಳಕಲ್ಲಿನ ನಮ್ಮ ಓಣಿಯಲ್ಲಿ ಬೂಟು ಅಂದರೆ ಮದುಮಗನ ಕಾಲಲ್ಲಿ ಒಂದು ದಿನ ಕಾಣುವ ವಸ್ತು. ದೊಡ್ಡವರಿಗೆ ಚಪ್ಪಲಿ, ಮಕ್ಕಳಿಗೆ ಬರಿಗಾಲು. ಮನೆಮನೆಯಲ್ಲೂ ಮಗ್ಗದ ಸದ್ದು, ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ. ನಾಲ್ಕು ದಿನಕ್ಕೊಮ್ಮೆ ನಳ ಬಂದರೆ ಕೊಡಗಳ ಜಗಳ. ಒಣಹಾಕಿದ ಬಟ್ಟೆಯ ಮೇಲೆಲ್ಲ ಕಲ್ಲು ಪಾಲಿಶ್ ಮಾಡುವಲ್ಲಿಂದ ಹಾರಿಬಂದ ಬಿಳಿ ಧೂಳು.

ಆ ನಳಕ್ಕೆ ಎಲ್ಲರಿಗಿಂತ ಮೊದಲು ಓಡಿ ಮುಟ್ಟುತ್ತಿದ್ದವಳು ನಮ್ಮಕ್ಕ ಶಾಂತಾ. ಏಳನೆಯ ತರಗತಿಯಲ್ಲಿದ್ದಾಗ ಹುನಗುಂದದ ತಾಲೂಕು ಪಂದ್ಯದಲ್ಲಿ ಬರಿಗಾಲಲ್ಲೇ ಓಡಿ ಮೊದಲು ಬಂದಳು. ಆಟದ ಮಾಸ್ತರರು ಮನೆಗೇ ಬಂದರು.

"ಬಾಗಲಕೋಟಿ ಓಟದೊಳಗ ಮೊದಲ ಬಂದ ಇಬ್ಬರನ್ನ ಆರಿಸ್ತಾರ್ರಿ. ಆರಿಸಿದ್ರ ಹಾಸ್ಟೆಲ್, ಊಟ, ಸಾಲಿ ಎಲ್ಲಾ ಪುಗಸಟ್ಟೆ. ಆದ್ರ ಕಾಲಾಗ ಬೂಟು ಇರಬೇಕ್ರಿ."

"ಆರಿಸಲಿಲ್ಲಂದ್ರ?" ಎಂದ ಅಪ್ಪ.

ಮಾಸ್ತರರು ಅವ್ವನ ಮಗ್ಗದ ಕಡೆ ನೋಡಿದರು. ಅದರ ಪಕ್ಕದಲ್ಲಿ ಅಕ್ಕನಿಗೆಂದು ಇನ್ನೊಂದು ಮಗ್ಗದ ಕುಣಿ, ಕಾಲು ಇಳಿಬಿಟ್ಟು ಕೂತು ನೇಯುವ ಗುಂಡಿ, ಆಗಲೇ ತೋಡಿಯಾಗಿತ್ತು.

ಬಜಾರಿನಲ್ಲಿ ಬೆಲೆ ಕೇಳಿ ಅಪ್ಪ ಬೂಟನ್ನು ಮೆಲ್ಲಗೆ ಕೆಳಗಿಟ್ಟ. "ಇದು ಒಂದ ಕಾಲಿನ ರೇಟೋ, ಎರಡೂ ಕಾಲಿಂದೋ?"

"ಎರಡೂ ಕಾಲಿಂದ್ರಿ ಕಾಕಾ, ಲಾಡಿ ಫುಕಟ್," ಎಂದ ಅಂಗಡಿಯವ.

ಅವ್ವನ ಒಂದು ಸೀರೆಯ ಮಜೂರಿ ಪೂರಾ ಹೋಯಿತು. ಅಷ್ಟು ಕೊಟ್ಟಮೇಲೆ ವರ್ಷಕ್ಕೇ ಬಿಗಿಯಾಗಬಾರದೆಂದು ಅಪ್ಪ ಎರಡು ನಂಬರ್ ದೊಡ್ಡದನ್ನೇ ತಂದ.

"ಯವ್ವಾ, ಲೊಡಲೊಡ ಅಂತಾವು," ಎಂದಳು ಅಕ್ಕ.

"ಕಾಲು ಬೆಳಿತಾವ. ಬೂಟು ಬೆಳಿತಾವೇನು?" ಎನ್ನುತ್ತ ಅವ್ವ, ಮಗ್ಗದ ಕೆಳಗೆ ಬಿದ್ದ ಕೆಂಪು ತುಂಡುನೂಲನ್ನು ಉಂಡೆ ಮಾಡಿ ಬೂಟಿನ ಮೂತಿಗೆ ತುರುಕಿದಳು. ನಮ್ಮ ಮನೆಯಲ್ಲಿ ತಲೆದಿಂಬಿಗೂ ಅದೇ, ಗೋಡೆಯ ತೂತಿಗೂ ಅದೇ.

ಹೊರಡುವ ಹಿಂದಿನ ದಿನ ಬೂಟಿನ ತುಂಬ ಬಿಳಿ ಧೂಳು. "ಬಾಗಲಕೋಟಿ ಮಂದಿ ಏನಂದಾರು," ಎಂದು ಅವ್ವ ಉಂಡೆ ತೆಗೆಯದೆ ಹಾಗೇ ತೊಳೆದು ಬಿಸಿಲಿಗಿಟ್ಟಳು. ಒಳಗಿದ್ದದ್ದು ಗಂಜಿ ಹಾಕಿದ ನೂಲು ಎಂಬುದು ಯಾರಿಗೂ ಹೊಳೆಯಲಿಲ್ಲ. ನೆನೆದು ಒಣಗಿ ಅದು ಕಲ್ಲಾಯಿತು.

ಬಾಗಲಕೋಟೆಯ ಮೈದಾನದಲ್ಲಿ ಅಕ್ಕ ಅಂದಳು, "ಅಪ್ಪಾ, ಬೆರಳಿಗೆ ಒತ್ತತೈತಿ."

"ಹೊಸಾವು ಒತ್ತತಾವವ್ವಾ, ತಡಕೋ."

ತಡೆದುಕೊಂಡಳು. ಅರ್ಧದವರೆಗೂ ಅವಳೇ ಮುಂದಿದ್ದಳು. ಆಮೇಲೆ ಒಂದು ಕಾಲು ನೆಲಕ್ಕೆ ಊರಲಿಲ್ಲ. ನಾಲ್ಕನೆಯವಳಾಗಿ ಬಂದಳು. ಬೂಟು ಬಿಚ್ಚಿದಾಗ ಹೆಬ್ಬೆರಳ ಉಗುರು ಕಿತ್ತುಬಂದಿತ್ತು. ಉಂಡೆಯ ಮೇಲೆ ನೂಲಿನ ಕೆಂಪು ಯಾವುದು, ರಕ್ತ ಯಾವುದು ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಯಾರೂ ರೊಟ್ಟಿಗಂಟು ಬಿಚ್ಚಲಿಲ್ಲ. ಮನೆಯಲ್ಲಿ ಅವ್ವ ಆ ಉಂಡೆಯನ್ನು ಹೊರಗೆಳೆದಳು, ಹಿಚುಕಿದಳು, ಮೂಗಿಗೆ ಹಿಡಿದಳು. "ಗಂಜಿ," ಎಂದಳು. ಅಷ್ಟೇ. ಪರೀಕ್ಷೆ ಮುಗಿದ ಮರುದಿನ ಅಕ್ಕ ಕುಣಿಗೆ ಇಳಿದಳು. ಮಗ್ಗ ತುಳಿಯಲು ಬೂಟು ಬೇಕಿಲ್ಲ.

ಈಗ ನಳ ಮನೆಯೊಳಗೇ ಬಂದಿದೆ. ಧೂಳು ಹಾಗೇ ಇದೆ. ಅವ್ವ, ಅಪ್ಪ ಇಬ್ಬರೂ ಇಲ್ಲ. ಮೊನ್ನೆ ನನ್ನ ಮಗಳಿಗೆ ಆಟದ ಬೂಟು ತಂದೆ. ಬೆಲೆ ಈಗಲೂ ಅಕ್ಕನ ಒಂದು ಸೀರೆಯ ಮಜೂರಿಯನ್ನು ಮೀರಿದ್ದೇ. ಅಕ್ಕ ಮಗ್ಗದಿಂದೆದ್ದು ಬಂದು ಬೂಟಿನೊಳಗೆ ಕೈಹಾಕಿ ತುದಿಯವರೆಗೂ ತಡವಿದಳು. ಅಂಗಡಿಯವರು ತುಂಬಿದ್ದ ಕಾಗದದ ಉಂಡೆ ಸಿಕ್ಕಿತು.

"ಅದು ಬರೇ ಕಾಗದ ಅಕ್ಕಾ, ಮೆತ್ತಗೈತಿ," ಎಂದೆ.

"ಇರಲಿ," ಎಂದು ಅದನ್ನು ಓಣಿಯ ಕೊನೆಯ ತಿಪ್ಪೆಯವರೆಗೂ ಒಯ್ದು ಎಸೆದು ಬಂದಳು. ನಿಧಾನವಾಗಿ ನಡೆದೇ ಹೋದಳು, ನಡೆದೇ ಬಂದಳು. ಬಾಗಲಕೋಟೆಯಿಂದ ಬಂದಮೇಲೆ ಅಕ್ಕ ಓಡಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ.