ಕಯಾಕಿನ ಅಳತೆಗೆ ಬಡಿದ ರೊಟ್ಟಿ

ವುಡ್‌ಬ್ರಿಡ್ಜಿನ ವರ್ಕ್‌ಶಾಪೊಂದರಲ್ಲಿ ನಾನು ಕಯಾಕ್ ಅನ್ನೋ ಒಬ್ಬರೇ ಕೂರುವ ಕಿರುದೋಣಿಗಳ ರಿಪೇರಿ ಮಾಡ್ತಿದ್ದೆ. ಒಮ್ಮೆ ರಿಟೈರ್ಡ್ ಟೀಚರೊಬ್ಬರು ಬಂದರು. ಸಾವಿರ ವರ್ಷದ ಹಿಂದೆ ವೈಕಿಂಗರೆಂಬ ಕಡಲಿಗರು ಹಡಗಿನಲ್ಲಿ ಸಾಗರ ದಾಟಿ ಬಂದ, ಉತ್ತರದ ಚಳಿ ಸೀಮೆಯ ಲ್ಯಾಬ್ರಡಾರ್ ಕರಾವಳಿಗುಂಟ ಕಯಾಕಿನಲ್ಲಿ ಒಬ್ಬರೇ ಹುಟ್ಟು ಹಾಕ್ತಾ ಹೋಗ್ತಾರಂತೆ! ನನ್ನ ಡಬ್ಬಿಯ ಕಡಕ್ ರೊಟ್ಟಿ ತಿಂದು, "ಎಷ್ಟು ದಿನ ಇರುತ್ತೆ?" ಅಂದರು.

"ಎರಡು ತಿಂಗಳು."

"ನನಗೂ ಬೇಕು. ಆದರೆ ಕಯಾಕಿನಲ್ಲಿ ಸಾಮಾನಿಡುವ ಕಿಂಡಿ ಸಣ್ಣದು, ಮುರಿದು ತುಂಬೋಣ."

ಮನೆಯಲ್ಲಿ ಹೇಳಿದರೆ ಹೆಂಡತಿ ರೇಗಿದಳು. "ಮುರದ ರೊಟ್ಟಿ ಯಾರಾದ್ರೂ ಬುತ್ತಿ ಕಟ್ಟತಾರೇನ್ರಿ? ಆ ಕಿಂಡಿ ಮುಚ್ಚಳಾ ತಗೊಂಡ್ ಬರ್ರಿ!"

ಮುಚ್ಚಳಕ್ಕಿಂತ ಎರಡು ಬೆರಳು ಕಡಿಮೆ ಹಿಡಿದು ಅರವತ್ತು ರೊಟ್ಟಿ ಬಡಿದಳು, ಜೊತೆಗೆ ಶೇಂಗಾ ಚಟ್ನಿಯನ್ನೂ ಕಟ್ಟಿಕೊಟ್ಟಳು.

ಬೇಸಿಗೆಯ ಕೊನೆಗೆ ಫೋಟೋ ಬಂತು: ಹಿಂದೆ ತೇಲುವ ಹಿಮಗುಡ್ಡ, ಟೀಚರ್ ಕೈಯಲ್ಲಿ ಇಡೀ ರೊಟ್ಟಿ, ಮೇಲೆ ಶೇಂಗಾ ಚಟ್ನಿ. ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಎರಡೆರಡು ಸಲ ತೋರಿಸಿದೆ.

ಪಾಪ, ಆ ವೈಕಿಂಗರು ಅಷ್ಟು ದೂರ ಚಟ್ನಿಯಿಲ್ಲದೇ ಬಂದಿದ್ದರು.