ಎರಡು ಬೆರಳಿನಷ್ಟು ಬಾಯಿ

ನನ್ನ ಎಡದವಡೆ ನೋಯತೊಡಗಿದ್ದು ಮಗಳನ್ನು ಜಗಳೂರಿಗೆ ವಾಪಸ್ ಕಳಿಸಿದ ವಾರದಲ್ಲಿ. ಗಂಡ ಹೊಡೆಯುತ್ತಾನೆಂದು ಅವಳು ನ್ಯಾಮತಿಯ ನಮ್ಮ ಮನೆಗೆ ಬಂದಿದ್ದಳು. ರವಿಕೆಯ ತೋಳು ಸರಿಸಿ ಕಲೆಯನ್ನೂ ತೋರಿಸಿದ್ದಳು. ನಾಲ್ಕು ದಿನ ಇಟ್ಟುಕೊಂಡು, "ಹಲ್ಲು ಕಚ್ಕಂಡು ಒಂದು ವರ್ಷ ತಡ್ಕಾ, ಎಲ್ಲ ಸರಿ ಆಗ್ತೈತೆ" ಎಂದು ನಾನೇ ಬಸ್ ಹತ್ತಿಸಿದೆ. ಕಿಟಕಿಯಿಂದ ಅವಳು ತಿರುಗಿ ನೋಡಲಿಲ್ಲ.

ಮೊದಲು ಹುಳುಕು ಹಲ್ಲೆಂದುಕೊಂಡು ಲವಂಗ ಇಟ್ಟೆ. ಆಮೇಲೆ ಚನ್ನಗಿರಿಗೆ ಹೋಗಿ ಒಂದು ಹಲ್ಲು ಕೀಳಿಸಿಕೊಂಡೆ. ಹಲ್ಲು ಹೋಯಿತು, ನೋವು ಉಳಿಯಿತು. ಕಿವಿಗೂ ನೆತ್ತಿಗೂ ಹಬ್ಬಿತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗತೊಡಗಿದೆ.

ಹೊನ್ನಾಳಿಯ ದಂತವೈದ್ಯೆಗೆ ನನ್ನ ಮಗಳದೇ ವಯಸ್ಸು. ಕಿವಿಯ ಮುಂದೆ ಬೆರಳೊತ್ತಿ ಬಾಯಿ ತೆರೆಯಲು ಹೇಳಿದರು. ಮೂರು ಬೆರಳು ಹಿಡಿಸಬೇಕಾದ ಕಡೆ ಎರಡೇ ಹಿಡಿಸಿದವು.

"ಇದು ಹಲ್ಲಿನ ನೋವಲ್ಲಮ್ಮ, ದವಡೆ ಕೀಲಿಂದು. ನಿದ್ದೇಲಿ ಹಲ್ಲು ಕಡೀತೀರಾ?"

"ಕಡೀತಾಳ್ರೀ, ಜೋಳ ಬೀಸಿದಂಗೆ ಸದ್ದು ಬರ್ತೈತೆ" ಎಂದರು ನನ್ನ ಯಜಮಾನರು.

"ಮನಸ್ಸಿಗೆ ಏನಾದ್ರೂ ಚಿಂತೆ ಇದೆಯಾ? ಚಿಂತೆ ಇದ್ರೆ ನಮಗೇ ಗೊತ್ತಿಲ್ಲದಂಗೆ ದವಡೆ ಬಿಗಿ ಹಿಡೀತೀವಿ. ನೋವು ಜಾಸ್ತಿ ಆಗುತ್ತೆ."

"ಏನಿಲ್ರೀ" ಎಂದೆ. ಯಜಮಾನರು ನೆಲ ನೋಡಿದರು.

ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಅವರು ಕೊಟ್ಟ ಪ್ಲಾಸ್ಟಿಕ್ ಅಚ್ಚನ್ನು ತಿಂಗಳೊಳಗೆ ಕಚ್ಚಿ ಸೀಳಿದೆ. ಮಗಳು ಫೋನ್ ಎತ್ತದ ದಿನ ನೋವು ಹೆಚ್ಚು. ಎತ್ತಿ "ಚೆನ್ನಾಗಿದೀನಿ" ಎಂದ ದಿನ ಇನ್ನೂ ಹೆಚ್ಚು.

ಕೊನೆಗೆ ಒಬ್ಬಳೇ ಜಗಳೂರಿಗೆ ಹೋದೆ. ಅವಳು ಬಾಗಿಲಲ್ಲೇ ನಿಂತಳು. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು.

"ಬಾ, ಮನಿಗೆ ಹೋಗಾನ" ಎಂದೆ.

"ಅವತ್ತು ಬಂದಿದ್ನಲ್ಲವ್ವ" ಎಂದಳು ಮೆಲ್ಲಗೆ. "ಈಗ ಬರಾಕೆ ನಂಗೆ ಮನೆ ಎಲ್ಲೈತೆ? ನೀ ಹೋಗು, ಅವ್ರು ಬರೋ ಹೊತ್ತು."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ದವಡೆ ಟಕ್ಕೆಂದು ಸಿಕ್ಕಿಕೊಂಡಿತು. ಎರಡೂ ಕೈಯಲ್ಲಿ ಕೆನ್ನೆ ಒತ್ತಿ ಹಿಡಿದು ನಿಂತಿದ್ದೆ. ಅವಳು ಒಂದು ಗಳಿಗೆ ನೋಡಿ, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಈಗ ಅವಳು ಫೋನ್ ಎತ್ತುವುದೇ ಇಲ್ಲ. ಮೊನ್ನೆ ಹೊನ್ನಾಳಿಯ ವೈದ್ಯೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೊರಗೆ ಸರದಿಯಲ್ಲಿ ಜನ ಕಾಯುತ್ತಿದ್ದರೂ ಪೂರ್ತಿ ಕೇಳಿಸಿಕೊಂಡರು.

"ಮಗಳನ್ನ ಕರ್ಕೊಂಡು ಬರೋಕೆ ಆಗಲ್ವಾ?"

"ಬರಾಕೆ ಒಲ್ಲಳ್ರೀ."

ಅವರು ಮಾತ್ರೆ ಬದಲಿಸಿ ಬರೆದುಕೊಟ್ಟರು. ನುಂಗಿದರೆ ಎರಡು ತಾಸು ನೋವು ಮಂಕಾಗುತ್ತದೆ, ಆಮೇಲೆ ಮೊದಲಿನಂತೆಯೇ.