ಅಪ್ಪನ ಕತ್ತರಿ, ಅಮ್ಮನ ಹಟ

ಶತಾಯಗತಾಯ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ನಮ್ಮಮ್ಮನನ್ನು ತೋರಿಸುತ್ತೇನೆ.

ನಮ್ಮ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಅಪ್ಪ, ಹೊಲಿಯುವುದು ಅಮ್ಮ. ಮೂವತ್ತು ವರ್ಷ ಹಾಗೇ ನಡೆಯಿತು. ಆಮೇಲೆ ಲಕ್ವ ಹೊಡೆದು ಅಪ್ಪನ ಬಲಗೈ ಸೋತಿತು. ಕೈಗೆ ಕೆಲಸ ಕೊಟ್ಟರೆ ಚೇತರಿಸುತ್ತದೆ, ಬಿಟ್ಟರೆ ಹೋದಂತೆಯೇ ಎಂದರು ಡಾಕ್ಟರು. ಅಪ್ಪ ಬಿಟ್ಟೇಬಿಟ್ಟರು. ಸೋತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗಡಿಯ ಮೂಲೆಯ ಕುರ್ಚಿ ಹಿಡಿದರು.

ಅಮ್ಮ ಬಿಡುವವಳೇ? ಮೊದಲು ಬೇಡಿಕೊಂಡಳು, ಆಮೇಲೆ ಬೈದಳು. ಹಿಚುಕಲು ರಬ್ಬರ್ ಚೆಂಡು ತಂದುಕೊಟ್ಟಳು. ಅಪ್ಪ ಅದನ್ನು ಬೀದಿನಾಯಿಯತ್ತ ಎಸೆದರು, ಅದೂ ಎಡಗೈಯಲ್ಲಿ. ಬಲಗೈಯಲ್ಲೇ ಉಂಡರೆ ಮಾತ್ರ ಊಟ ಎಂದು ಹೆದರಿಸಿದಳು. ಅಪ್ಪ ಉಪವಾಸ ಕೂತರು, ಸಂಜೆಗೆ ಅವಳೇ ಸೋತು ತುತ್ತಿಟ್ಟಳು. ಸಾಮ, ದಾನ, ಭೇದ, ದಂಡ ಎಲ್ಲ ಮುಗಿದವು, ಅಪ್ಪ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಒಂದು ಬೆಳಿಗ್ಗೆ ಅಮ್ಮ ಗಿರಾಕಿಯೊಬ್ಬರ ಕೋಟಿನ ವೆಲ್ವೆಟ್ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದಳು. ವೆಲ್ವೆಟ್ಟಿನ ಮೇಲಿನ ನವಿರು ಎಳೆಗಳು ಒಂದೇ ಕಡೆಗೆ ಬಾಗಿರುತ್ತವೆ. ಒಂದು ತುಂಡು ತಲೆಕೆಳಗಾದರೂ ಕೋಟು ಎರಡು ಬಣ್ಣವಾಗಿ ಕಾಣುತ್ತದೆ. ಅಮ್ಮ ಅಪ್ಪನ ಕಣ್ಣೆದುರೇ ತೋಳಿನ ಅಳತೆಯ ಕಾಗದವನ್ನು ತಲೆಕೆಳಗಾಗಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕತ್ತರಿ ಎತ್ತಿಕೊಂಡಳು. ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ನಾನು ತಲೆ ಎತ್ತಿದೆ.

"ಏಯ್, ನಿಲ್ಸೇ!"

ಅಪ್ಪ ಗೋಡೆ ಹಿಡಿದು ಎದ್ದು ಬಂದರು. ಕಾಗದವನ್ನು ತಿರುಗಿಸಿಟ್ಟು ಕತ್ತರಿ ಕಿತ್ತುಕೊಂಡರು. ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಹಿಡಿಕೆಯೊಳಗೆ ತೂರಿಸಿದರು. ಬೆವರು ಕಿತ್ತುಕೊಂಡು ಬಂತು. ಒಂದು ಗೇಣು ಕತ್ತರಿಸಲು ಅರ್ಧ ಗಂಟೆ ಹಿಡಿಯಿತು. ಗೆರೆ ತುಸು ತಪ್ಪಿತ್ತು, ಹೊಲಿಗೆಯಲ್ಲಿ ಮುಚ್ಚಬಹುದಾದಷ್ಟು.

ಅಮ್ಮ ನಗು ತಡೆದುಕೊಂಡು, "ನಂಗೇನ್ರೀ ಗೊತ್ತು? ಕತ್ತರ್ಸೋದು ನಿಮ್ ಕೆಲ್ಸ ಅಲ್ವಾ?" ಎಂದಳು.

"ನಿಂಗ್ ಗೊತ್ತಿಲ್ವಾ? ಯಾರಿಗ್ ಹೇಳ್ತೀಯ?" ಅಪ್ಪ ಕತ್ತರಿ ಕೆಳಗಿಡಲಿಲ್ಲ. "ಬೇಕಂತ್ಲೇ ಮಾಡ್ತಿದೀಯ ಅಂತ ಆಗ್ಲೇ ಗೊತ್ತಾಯ್ತು. ಆದ್ರೆ ನೀನು ನಿಜವಾಗ್ಲೂ ಕತ್ತರಿಸ್ಬಿಡ್ತಿದ್ದೆ. ಇಷ್ಟ್ ವರ್ಷ ಒಂದ್ ಚೂರು ಬಟ್ಟೆ ಕೆಡಿಸ್ದೋಳಲ್ಲ, ನನಗೋಸ್ಕರ ಅದಕ್ಕೂ ಸಿದ್ಧ ಆಗ್ಬಿಟ್ಯಲ್ಲ. ಅದನ್ನ ನೋಡ್ಕೊಂಡ್ ಕೂತಿರೋಕೆ ಆಗ್ಲಿಲ್ಲ ಕಣೇ."

ಅಮ್ಮ ಮುಖ ತಿರುಗಿಸಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಲು ನೋಡಿದಳು. ಮೂರು ಸಲ ತಪ್ಪಿದ ಮೇಲೆ ದಾರದ ತುದಿಯನ್ನು ನನ್ನ ಕೈಗೆ ಕೊಟ್ಟಳು.